ಬೇರೆ ಗ್ರಹಗಳ ಆದರ್ಶ ಸಮಾಜಗಳು: ಶಿರಸಿಯಿಂದ ಬಸ್ಸಿನಲ್ಲಿ ಬರುವ ಪುಸ್ತಕದ ಕಟ್ಟು

ಶಿರಸಿ ಪೇಟೆಯಲ್ಲಿ ಒಂದು ಮನೆಯ ಮಾಳಿಗೆಯಿಂದಲೇ ನಡೆಯುವ ಪುಸ್ತಕ ಬಾಡಿಗೆಯ ಸೇವೆಯೊಂದಿದೆ. ಒಂದು ವಿಷಯಕ್ಕೆ ಐದಾರು ಪುಸ್ತಕಗಳನ್ನು ಆರಿಸಿ, ಕಟ್ಟು ಕಟ್ಟಿ, ಜಿಲ್ಲೆಯ ಯಾವ ತಾಲೂಕಿಗಾದರೂ ಸಾರಿಗೆ ಬಸ್ಸಿನ ಪಾರ್ಸೆಲ್ಲಿನಲ್ಲಿ ಕಳಿಸಿಕೊಡುವುದು ಅದರ ಪದ್ಧತಿ. ನಡೆಸುವವರು ಗಂಡ ಹೆಂಡತಿ ಇಬ್ಬರೇ ಆಗಿರುವುದರಿಂದ, ಮತ್ತು ಹೆಚ್ಚಿನ ಕಟ್ಟುಗಳಿಗೆ ಎರಡನೆಯ ಪ್ರತಿ ಇಲ್ಲದಿರುವುದರಿಂದ, ಹೆಸರನ್ನೂ ಫೋನ್ ನಂಬರನ್ನೂ ಎಲ್ಲಿಯೂ ಬರೆಯಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ. ಆದ್ದರಿಂದ ಇಲ್ಲಿಯೂ ಬರೆಯುವುದಿಲ್ಲ. ಘಟ್ಟದ ಮೇಲೂ ಕೆಳಗೂ ಓದುವ ಹವ್ಯಾಸವಿರುವ ಯಾರನ್ನು ಕೇಳಿದರೂ ಗೊತ್ತಾಗುತ್ತದೆ. ನಾನು ತರಿಸಿಕೊಂಡದ್ದು ವೈಜ್ಞಾನಿಕ ಕಾದಂಬರಿಗಳ ಕಟ್ಟು, ಅದರಲ್ಲಿಯೂ ಬೇರೆ ಗ್ರಹಗಳಲ್ಲಿ ಕಟ್ಟಿದ ಆದರ್ಶ ಸಮಾಜಗಳ ಕಥೆಗಳದ್ದು. ಆರು ಪುಸ್ತಕಗಳು, ಆರೂ ಇಂಗ್ಲಿಷಿನವು. ಪ್ರತಿ ಪುಸ್ತಕದ ಒಳಗೆ ಕನ್ನಡದಲ್ಲಿ ಬೆರಳಚ್ಚು ಮಾಡಿದ ಎರಡು ಪುಟಗಳ ಟಿಪ್ಪಣಿ.

ದರದ ಬಗ್ಗೆ ತಕರಾರಿಲ್ಲ. ಠೇವಣಿ 1,000 ರೂಪಾಯಿ, ಬಾಡಿಗೆ 45 ದಿನಕ್ಕೆ 250 ರೂಪಾಯಿ, ಬಸ್ಸಿನ ಪಾರ್ಸೆಲ್ ಖರ್ಚು ಹೋಗುವಾಗಲೂ ಬರುವಾಗಲೂ ಓದುಗರದ್ದು. ಕಟ್ಟು ಬಂದ ರೀತಿ ಮೆಚ್ಚುವಂತಿತ್ತು: ಒಳಗೆ ಹಳೆಯ ಪತ್ರಿಕೆಯ ಸುತ್ತು, ಅದರ ಮೇಲೆ ದಪ್ಪ ಪ್ಲಾಸ್ಟಿಕ್, ಹೊರಗೆ ಗೋಣಿಪಾಟು. ಇಷ್ಟಾದರೂ ಎರಡು ಪುಸ್ತಕಗಳ ಬೆನ್ನಿಗೆ ಬೂಷ್ಟು ಹಿಡಿದಿತ್ತು. ಅದು ಬಸ್ಸಿನಲ್ಲಿ ಹಿಡಿದದ್ದಲ್ಲ, ಮಾಳಿಗೆಯಲ್ಲಿಯೇ ಹಿಡಿದದ್ದು ಎಂಬುದು ಮಲೆನಾಡಿನ ಮನೆಯಲ್ಲಿ ಪುಸ್ತಕ ಇಟ್ಟುಕೊಂಡವರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಕಳಿಸುವ ಮುನ್ನ ಒಂದು ದಿನ ಬಿಸಿಲು ತೋರಿಸಿದ್ದರೆ ಸಾಕಿತ್ತು.

ಕಟ್ಟಿನ ಮೊದಲ ಟಿಪ್ಪಣಿ ಒಂದು ಒಳ್ಳೆಯ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ: ಆದರ್ಶ ಸಮಾಜವನ್ನು ಕಲ್ಪಿಸಬೇಕೆಂದವರಿಗೆ ಬೇರೆ ಗ್ರಹವೇ ಏಕೆ ಬೇಕಾಯಿತು? ಥಾಮಸ್ ಮೋರ್ 1516ರಲ್ಲಿ 'ಯುಟೋಪಿಯ' ಬರೆದಾಗ ಒಂದು ದ್ವೀಪ ಸಾಕಾಗಿತ್ತು; ಅದೂ ಹುಟ್ಟಾ ದ್ವೀಪವಲ್ಲ, ನೆಲಕ್ಕೆ ಅಂಟಿಕೊಂಡಿದ್ದ ಕಡೆಯಲ್ಲಿ ಕಾಲುವೆ ಕಡಿಸಿ ಅಲ್ಲಿನ ಮೊದಲ ದೊರೆಯೇ ಅದನ್ನು ದ್ವೀಪವಾಗಿಸಿದ ಎಂದು ಮೋರ್ ಹೇಳುತ್ತಾನೆ. ಭೂಪಟದಲ್ಲಿ ಖಾಲಿ ಜಾಗಗಳು ಮುಗಿಯುತ್ತ ಬಂದ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಂಥ ದ್ವೀಪ ಮಂಗಳಕ್ಕೆ ಹೋಯಿತು. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ದೂರದರ್ಶಕದಲ್ಲಿ ಮಂಗಳದ ಮೇಲೆ ಗೆರೆಗಳನ್ನು ಕಂಡರು. ಅಮೆರಿಕದ ಪರ್ಸಿವಲ್ ಲೋವೆಲ್ ಅವು ನೀರಾವರಿ ಕಾಲುವೆಗಳೆಂದೇ ವಾದಿಸಿದರು. ಒಣಗುತ್ತಿರುವ ಗ್ರಹದಲ್ಲಿ ಧ್ರುವದಿಂದ ಧ್ರುವಕ್ಕೆ ಕಾಲುವೆ ತೋಡಿಕೊಂಡು ಬದುಕುವ ಜನರೆಂದರೆ ಪರಸ್ಪರ ಯುದ್ಧ ಮಾಡದೆ ಒಟ್ಟಾಗಿ ದುಡಿಯುವ ಜನರೇ ಆಗಿರಬೇಕಲ್ಲವೇ ಎಂಬ ತರ್ಕ ಕಾದಂಬರಿಕಾರರಿಗೆ ತಾನಾಗಿ ಸಿಕ್ಕಿತು. 1965ರ ಜುಲೈಯಲ್ಲಿ ಮ್ಯಾರಿನರ್ 4 ನೌಕೆ ಕಳಿಸಿದ ಚಿತ್ರಗಳಲ್ಲಿ ಕಾಲುವೆಯ ಬದಲು ಚಂದ್ರನ ಮೇಲಿರುವಂಥ ಕುಳಿಗಳು ಕಂಡವು. ಶುಕ್ರದ ಮೇಲ್ಮೈ ಸೀಸ ಕರಗುವಷ್ಟು ಬಿಸಿಯಾಗಿದೆ ಎಂಬುದೂ ಅದೇ ದಶಕದಲ್ಲಿ ಖಚಿತವಾಗುತ್ತ ಬಂತು. ಆಮೇಲಿನ ಲೇಖಕರು ಸೌರಮಂಡಲವನ್ನೇ ಬಿಟ್ಟು, ಸುಮಾರು 12 ಜ್ಯೋತಿರ್ವರ್ಷ ದೂರದ ಟಾವ್ ಸೆಟಿ ನಕ್ಷತ್ರದಂಥ ಕಡೆಗೆ ಹೋದರು. ಈ ಆರು ಪುಸ್ತಕಗಳನ್ನು ಪ್ರಕಟಣೆಯ ಕ್ರಮದಲ್ಲಿ ಓದಿದರೆ ಆ ವಲಸೆ ಸ್ಪಷ್ಟವಾಗಿ ಕಾಣುತ್ತದೆ.

ಟಿಪ್ಪಣಿ ಹೇಳದೆ ಬಿಟ್ಟ ಇನ್ನೊಂದು ಕಾರಣವೂ ಇದೆ. ಗ್ರಹವು ಖಾಲಿಯಾಗಿರುತ್ತದೆ. ಭೂಮಿಯ ಮೇಲೆ ಯಾವ ಹೊಸ ವ್ಯವಸ್ಥೆಯನ್ನು ತರಹೊರಟರೂ ಅಲ್ಲಿ ಮೊದಲೇ ಯಾರೋ ಇರುತ್ತಾರೆ, ಅವರನ್ನು ಎಬ್ಬಿಸಬೇಕಾಗುತ್ತದೆ. ಕಾಳಿ ನದಿಯ ಸೂಪಾ, ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ಕಾರವಾರ ಅಂಕೋಲಾ ದಂಡೆಯ ಸೀಬರ್ಡ್ ನೌಕಾನೆಲೆ ಇವನ್ನೆಲ್ಲ ಕಂಡಿರುವ ಈ ಜಿಲ್ಲೆಯ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಾಲಿ ಗ್ರಹವೆಂದರೆ ಲೇಖಕನಿಗೆ ಪುನರ್ವಸತಿಯ ತಲೆನೋವಿಲ್ಲದ ಜಮೀನು. ಆ ಸೌಕರ್ಯವನ್ನು ಬಳಸಿಕೊಂಡು ಸುಮ್ಮನಾಗುವ ಪುಸ್ತಕಗಳು ಕೆಲವು, ಅದನ್ನೇ ಪ್ರಶ್ನಿಸುವ ಪುಸ್ತಕಗಳು ಕೆಲವು.

ಇವನ್ನು ಅಳೆಯಲು ನಾನು ಇಟ್ಟುಕೊಂಡ ಅಳತೆಗೋಲು ನಮ್ಮ ತೋಟದ್ದೇ. ಆಷಾಢದ ಮಳೆಯಲ್ಲಿ, ಕೊಳೆರೋಗ ಬಾರದಂತೆ, ಪಾಚಿ ಕಟ್ಟಿದ ಅಡಿಕೆ ಮರ ಹತ್ತಿ, ಒಂದರಿಂದ ಇನ್ನೊಂದಕ್ಕೆ ಬಾಗಿ ಹಾಯ್ದು ಬೋರ್ಡೋ ದ್ರಾವಣ ಹೊಡೆಯುವ ಕೊನೆಗೌಡನ ಕೆಲಸವನ್ನು ಆ ಆದರ್ಶ ಗ್ರಹದಲ್ಲಿ ಯಾರು ಮಾಡುತ್ತಾರೆ? ಮೋರ್‌ನ ದ್ವೀಪದಲ್ಲಿ ಪ್ರಾಣಿಗಳನ್ನು ಕಡಿಯುವ ಕೆಲಸವನ್ನು ಗುಲಾಮರಿಗೆ ಬಿಟ್ಟಿದ್ದರು, ನಾಗರಿಕರ ಮನಸ್ಸು ಕಠೋರವಾಗಬಾರದೆಂಬ ಕಾರಣಕ್ಕೆ! ಎಲ್ಲರೂ ಸಮಾನರು ಎಂಬ ಊರಿನಲ್ಲಿ ಕಷ್ಟದ, ಕೊಳಕಿನ, ಅಪಾಯದ ಕೆಲಸದ ಪಾಳಿ ಹೇಗೆ ಬರುತ್ತದೆಂಬುದನ್ನು ಹೇಳದ ಲೇಖಕ ಉಳಿದ ಏನನ್ನು ಹೇಳಿದರೂ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ.

ಈ ಪ್ರಶ್ನೆಯನ್ನು ಎದುರಿಗೇ ಇಟ್ಟುಕೊಂಡು ಬರೆದ ಕಾದಂಬರಿ ಉರ್ಸುಲಾ ಲೆ ಗ್ವಿನ್ ಅವರ 'ದಿ ಡಿಸ್ಪೊಸೆಸ್ಡ್' (1974). ಕಟ್ಟಿನ ಬೆಲೆ ಇದೊಂದರಿಂದಲೇ ಬರುತ್ತದೆ. ಉರ‍್ರಾಸ್ ಮತ್ತು ಅನಾರೆಸ್ ಎಂಬ ಎರಡು ಲೋಕಗಳು, ಒಂದಕ್ಕೊಂದು ಚಂದ್ರ. ಉರ‍್ರಾಸ್ ಹಸಿರಾಗಿದೆ, ಶ್ರೀಮಂತವಾಗಿದೆ, ಅಲ್ಲಿ ಒಡೆಯರೂ ಇದ್ದಾರೆ ಆಳುಗಳೂ ಇದ್ದಾರೆ. ಸುಮಾರು ನೂರ ಎಪ್ಪತ್ತು ವರ್ಷಗಳ ಹಿಂದೆ ಅಲ್ಲಿನ ಬಂಡಾಯಗಾರರಿಗೆ ಬರಡು ಅನಾರೆಸ್ಸನ್ನು ಬಿಟ್ಟುಕೊಡಲಾಯಿತು. ಅವರು ಸರ್ಕಾರ, ಪೊಲೀಸು, ಜೈಲು, ಹಣ, ಆಸ್ತಿ ಯಾವುದೂ ಇಲ್ಲದ ಸಮಾಜವನ್ನು ಅಲ್ಲಿ ಕಟ್ಟಿಕೊಂಡರು. ಹುಲ್ಲು ಬೆಳೆಯದ, ನೆಲದ ಮೇಲೆ ಒಂದು ಪ್ರಾಣಿಯೂ ಇಲ್ಲದ ಲೋಕವದು. ಸಮೃದ್ಧಿಯಿಂದ ಸಮಾನತೆ ಬರುತ್ತದೆಂಬ ಸುಲಭದ ಲೆಕ್ಕವನ್ನು ಲೆ ಗ್ವಿನ್ ಮೊದಲೇ ಅಳಿಸಿಹಾಕುತ್ತಾರೆ. ಅವರ ಜನ ಬಡತನದಲ್ಲಿ ಸಮಾನರು.

ಕೆಲಸದ ಹಂಚಿಕೆಯ ವಿವರಗಳು ಅಷ್ಟೇ ಗಟ್ಟಿಯಾಗಿವೆ. ಕೆಲಸಗಳ ಪಟ್ಟಿಯನ್ನು ಒಂದು ಕೇಂದ್ರ ಕಚೇರಿ ಕಂಪ್ಯೂಟರಿನ ಸಹಾಯದಿಂದ ತಯಾರಿಸುತ್ತದೆ, ಯಾರನ್ನೂ ಬಲವಂತಪಡಿಸುವ ಅಧಿಕಾರ ಅದಕ್ಕಿಲ್ಲ. ಹತ್ತು ದಿನಕ್ಕೊಮ್ಮೆ ಕೊಳಕಿನ ಕೆಲಸದ ಪಾಳಿ ಎಲ್ಲರಿಗೂ ಬರುತ್ತದೆ, ಭೌತವಿಜ್ಞಾನಿಗೂ ಬರುತ್ತದೆ. ಪಾದರಸದ ಗಣಿಯಂಥ ಅಪಾಯದ ಜಾಗಕ್ಕೆ ಹೋದವರನ್ನು ಸಾಮಾನ್ಯವಾಗಿ ಅರ್ಧ ವರ್ಷಕ್ಕಿಂತ ಹೆಚ್ಚು ಇರಿಸುವುದಿಲ್ಲ. ಕಥಾನಾಯಕ ಶೆವೆಕ್ ಭೌತವಿಜ್ಞಾನಿಯೇ ಆದರೂ ತರುಣನಾಗಿದ್ದಾಗ ಧೂಳಿನ ಬಯಲಿನಲ್ಲಿ ಗಿಡ ನೆಡಲು ಹೋಗುತ್ತಾನೆ. ಊಟ ಸಾರ್ವಜನಿಕ ಭೋಜನಶಾಲೆಯಲ್ಲಿ. ಆ ವರ್ಣನೆ ಬರುವ ಪುಟದ ಅಂಚಿನಲ್ಲಿ ನನಗಿಂತ ಹಿಂದೆ ಓದಿದ ಯಾರೋ ಪೆನ್ಸಿಲ್ಲಿನಲ್ಲಿ ದುಂಡಗಿನ ಅಕ್ಷರಗಳಲ್ಲಿ "ಅಡಿಗೆ ಯಾರದ್ದು?" ಎಂದು ಬರೆದಿದ್ದರು. ಬಾಡಿಗೆ ಪುಸ್ತಕದಲ್ಲಿ ಗೀಚುವುದು ತಪ್ಪೇ, ಆದರೆ ಈ ಗೀಚನ್ನು ಅಳಿಸದೆ ಬಿಟ್ಟದ್ದಕ್ಕೆ ಸೇವೆಯವರಿಗೆ ನಾನು ಕೃತಜ್ಞ. ಅಡಿಗೆಯೂ ಅಲ್ಲಿ ಗಣಿಗಾರಿಕೆಯಂತೆ ಒಂದು ಸಾರ್ವಜನಿಕ ಕೆಲಸ, ಯಾವುದೋ ಒಂದು ಮನೆಯ ಯಾವಳೋ ಒಬ್ಬಳ ಹಣೆಬರಹವಲ್ಲ ಎಂಬುದು ಕಾದಂಬರಿಯ ಉತ್ತರ. ಪ್ರಶ್ನೆ ಬರೆದವರಿಗೆ ಅದು ಸಾಕೆನಿಸಿತೋ ಇಲ್ಲವೋ, ಮುಂದಿನ ಪುಟಗಳಲ್ಲಿ ಪೆನ್ಸಿಲ್ಲಿನ ಗುರುತಿಲ್ಲ.

ಲೆ ಗ್ವಿನ್ ಅವರ ದೊಡ್ಡತನವೆಂದರೆ ತಾವು ಮೆಚ್ಚಿದ ಸಮಾಜವನ್ನೇ ಅವರು ಹೆಚ್ಚು ಕಟುವಾಗಿ ನೋಡುತ್ತಾರೆ. ಅಧಿಕಾರಿಯೇ ಇಲ್ಲದ ಅನಾರೆಸ್ಸಿನಲ್ಲಿ ಸಬುಲ್ ಎಂಬ ಹಿರಿಯ ವಿಜ್ಞಾನಿ ಶೆವೆಕ್‌ನ ಬರಹಕ್ಕೆ ತನ್ನ ಹೆಸರನ್ನೂ ಸೇರಿಸಿಕೊಂಡೇ ಅಚ್ಚಿಗೆ ಬಿಡುತ್ತಾನೆ. ಒಡೆತನವಿಲ್ಲದ ಊರಿನಲ್ಲಿಯೂ ಕಮಿಟಿಯಲ್ಲಿ ಕುಳಿತವನಿಗೆ ಬಾಗಿಲು ಮುಚ್ಚುವ ಶಕ್ತಿ ಇರುತ್ತದೆ. ಕಾನೂನಿಲ್ಲದ ಕಡೆ ನೆರೆಹೊರೆಯವರ ಮಾತೇ ಕಾನೂನಾಗುತ್ತದೆ. ನಾಟಕ ಬರೆದ ಗೆಳೆಯನೊಬ್ಬನನ್ನು ಊರು ಶಿಕ್ಷಿಸುವುದಿಲ್ಲ, ಆದರೆ ಸಹಿಸುವುದೂ ಇಲ್ಲ. ಬರಗಾಲದ ಅಧ್ಯಾಯಗಳು ಇಡೀ ಪುಸ್ತಕದ ಎತ್ತರದ ಭಾಗ: ಯಾರಿಗೆ ಎಷ್ಟು ಕೆಲಸ, ಎಷ್ಟು ಊಟ ಎಂಬ ಪಟ್ಟಿ ಮಾಡುವ ಜವಾಬ್ದಾರಿ ಶೆವೆಕ್‌ಗೆ ಬರುತ್ತದೆ, ಯಾರು ಅರೆಹೊಟ್ಟೆಯಲ್ಲಿ ಇರಬೇಕೆಂಬುದನ್ನು ತಾನು ಬರೆಯುತ್ತಿದ್ದೇನೆಂದು ಗೊತ್ತಾದಾಗ ಅವನು ಆ ಕೆಲಸ ಬಿಡುತ್ತಾನೆ, ಅವನು ಬಿಟ್ಟರೆ ಇನ್ನೊಬ್ಬ ಬರೆಯುತ್ತಾನೆಂಬುದನ್ನು ಲೇಖಕಿ ಮುಚ್ಚಿಡುವುದಿಲ್ಲ. ಅಧ್ಯಾಯಗಳು ಒಮ್ಮೆ ಅನಾರೆಸ್, ಒಮ್ಮೆ ಉರ‍್ರಾಸ್ ಎಂದು ಹಿಂದೆ ಮುಂದೆ ಹೋಗುವುದರಿಂದ ಮೊದಲ ನೂರು ಪುಟಗಳವರೆಗೆ ತಾಳ್ಮೆ ಬೇಕು. ಹ್ಯೂಗೊ, ನೆಬ್ಯುಲ ಎರಡೂ ಪ್ರಶಸ್ತಿಗಳು ಇದಕ್ಕೆ ಬಂದವು. ಕೊನೆಗೌಡನ ಪ್ರಶ್ನೆಗೆ ನೇರವಾದ ಉತ್ತರ ಕೊಟ್ಟು, ಆ ಉತ್ತರಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಿದ ಪುಸ್ತಕ ಈ ಕಟ್ಟಿನಲ್ಲಿ ಬೇರೆ ಇಲ್ಲ.

ಕಟ್ಟಿನ ಹಿರಿಯ ಪುಸ್ತಕ ಅಲೆಕ್ಸಾಂಡರ್ ಬೊಗ್ದಾನೊವ್ ಅವರ 'ರೆಡ್ ಸ್ಟಾರ್'. ರಷ್ಯನ್ ಮೂಲ 1908ರದ್ದು, ನಮಗೆ ಬಂದದ್ದು 1984ರ ಇಂಗ್ಲಿಷ್ ಅನುವಾದ. 1905ರ ಕ್ರಾಂತಿಯ ಗದ್ದಲದ ನಡುವೆ ಲಿಯೊನಿದ್ ಎಂಬ ಬೋಲ್ಶೆವಿಕ್ ಕಾರ್ಯಕರ್ತನನ್ನು ಮಂಗಳದವರು ತಮ್ಮ ಗ್ರಹಕ್ಕೆ ಕರೆದುಕೊಂಡು ಹೋಗಿ, ಅಲ್ಲಿನ ಸಮಾಜವಾದವನ್ನು ತೋರಿಸುತ್ತಾರೆ. ಕಥೆಯಾಗಿ ಇದು ಸೊರಗಿದೆ. ಪಾತ್ರಗಳು ಒಬ್ಬರಿಗೊಬ್ಬರು ಉಪನ್ಯಾಸ ಕೊಡುತ್ತವೆ, ಪ್ರೇಮ ಪ್ರಸಂಗವೂ ಉಪನ್ಯಾಸದಂತೆಯೇ ಸಾಗುತ್ತದೆ. ಆದರೆ ಕೆಲಸದ ಹಂಚಿಕೆಯ ಕಲ್ಪನೆ ನೂರು ವರ್ಷದ ಮೇಲೂ ಹಳತಾಗಿಲ್ಲ. ಯಾವ ಕಾರ್ಖಾನೆಯಲ್ಲಿ ಎಷ್ಟು ಕೈಗಳು ಕಡಿಮೆ, ಎಲ್ಲಿ ಹೆಚ್ಚು ಎಂಬುದನ್ನು ಅಂಕಿಅಂಶಗಳ ಸಂಸ್ಥೆಯೊಂದು ಲೆಕ್ಕ ಹಾಕಿ ಫಲಕಗಳಲ್ಲಿ ತೋರಿಸುತ್ತಿರುತ್ತದೆ, ಜನ ಅದನ್ನು ನೋಡಿ ತಾವಾಗಿ ಕೆಲಸ ಬದಲಾಯಿಸುತ್ತಾರೆ. ಲಿಯೊನಿದ್ ಬಟ್ಟೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಸೋಲುವ ಭಾಗ ಮಾತ್ರ ಜೀವಂತವಾಗಿದೆ: ಅವನ ಗಮನ ತಪ್ಪಿದಾಗಲೆಲ್ಲ ಪಕ್ಕದವರು ಸದ್ದಿಲ್ಲದೆ ಬಂದು ಸರಿಪಡಿಸುತ್ತಾರೆ, ಆ ಸಹಾಯವೇ ಅವನಿಗೆ ಸಹಿಸಲಾರದ್ದಾಗುತ್ತದೆ.

ಪುಸ್ತಕ ನಿಜಕ್ಕೂ ಕಚ್ಚುವುದು ಇನ್ನೂ ಮುಂದೆ. ಮಂಗಳದಲ್ಲಿ ಸಂಪನ್ಮೂಲ ಮುಗಿಯುತ್ತ ಬಂದಿದೆ. ಶುಕ್ರಕ್ಕೆ ಹೋಗೋಣವೆಂಬುದು ಒಂದು ಪಕ್ಷ. ಶುಕ್ರ ತೀರಾ ಅಪಾಯ, ಭೂಮಿಯೇ ಸರಿ, ಆದರೆ ಭೂಮಿಯ ಜನ ಜಗಳಗಂಟರು, ನೆಲ ಬಿಟ್ಟುಕೊಡುವವರಲ್ಲ, ಆದ್ದರಿಂದ ಅವರನ್ನು ಇಲ್ಲವಾಗಿಸಿಯೇ ನೆಲೆಸಬೇಕೆಂದು ಸ್ಟೆರ್ನಿ ಎಂಬ ವಿಜ್ಞಾನಿ ಲೆಕ್ಕಾಚಾರ ಸಮೇತ ಸಭೆಯ ಮುಂದಿಡುತ್ತಾನೆ. ಆ ಭಾಷಣದಲ್ಲಿ ದ್ವೇಷದ ಒಂದು ಮಾತೂ ಇಲ್ಲ. ಎಲ್ಲವೂ ಹೆಚ್ಚಿನ ಹಿತಕ್ಕಾಗಿ, ಎಲ್ಲವೂ ವರದಿಯ ಭಾಷೆಯಲ್ಲಿ. ನೆಟ್ಟಿ ಎಂಬ ಮಂಗಳದ ಮಹಿಳೆ ಅದಕ್ಕೆ ಕೊಡುವ ಉತ್ತರ ಕಾದಂಬರಿಯ ಶ್ರೇಷ್ಠ ಪುಟಗಳಲ್ಲಿ ಒಂದು. ಖಾಲಿ ಗ್ರಹದ ಸೌಕರ್ಯವನ್ನು ಬೊಗ್ದಾನೊವ್ 1908ರಲ್ಲಿಯೇ ತಲೆಕೆಳಗು ಮಾಡಿದರು: ಇಲ್ಲಿ ಆದರ್ಶ ಸಮಾಜದವರ ಪಾಲಿಗೆ ಎಬ್ಬಿಸಬೇಕಾದ ಹಳೆಯ ನಿವಾಸಿಗಳು ನಾವೇ. ಲೇಖಕರು ವೈದ್ಯರೂ ಹೌದು. ಮಂಗಳದವರು ಪರಸ್ಪರ ರಕ್ತ ವಿನಿಮಯ ಮಾಡಿಕೊಂಡು ಮುಪ್ಪನ್ನು ಮುಂದೂಡುತ್ತಾರೆಂದು ಬರೆದ ಅವರು 1926ರಲ್ಲಿ ಮಾಸ್ಕೋದಲ್ಲಿ ರಕ್ತ ವರ್ಗಾವಣೆಯ ಸಂಸ್ಥೆ ಸ್ಥಾಪಿಸಿ, 1928ರಲ್ಲಿ ಒಬ್ಬ ವಿದ್ಯಾರ್ಥಿಯೊಂದಿಗೆ ಅಂಥದೇ ವಿನಿಮಯ ಮಾಡಿಕೊಂಡು ತೀರಿಕೊಂಡರು, ವಿದ್ಯಾರ್ಥಿ ಬದುಕಿದ.

ಇವಾನ್ ಯೆಫ್ರೆಮೊವ್ ಅವರ 'ಆಂಡ್ರೊಮೆಡಾ' ಮಾಸ್ಕೋದಲ್ಲಿ ಅಚ್ಚಾದ ಹಳೆಯ ಇಂಗ್ಲಿಷ್ ಪ್ರತಿ. ಮೂಲ ಬಂದದ್ದು 1957ರಲ್ಲಿ, ಸ್ಪುಟ್ನಿಕ್ ಹಾರಿದ ವರ್ಷ. ಇದು ಈ ಕಟ್ಟಿಗೆ ಅಷ್ಟಾಗಿ ಹೊಂದುವುದಿಲ್ಲ. ಆದರ್ಶ ಸಮಾಜ ಇಲ್ಲಿ ಭೂಮಿಯ ಮೇಲೆಯೇ ಇದೆ, ಬೇರೆ ಗ್ರಹಗಳಿಂದ ಬರುವುದು ಸಂದೇಶಗಳು ಮಾತ್ರ. ಎಲ್ಲರೂ ಸುಂದರರು, ಎಲ್ಲರೂ ಜಾಣರು, ಬಾಹ್ಯಾಕಾಶ ಕೇಂದ್ರದ ಮುಖ್ಯಸ್ಥ ಬೇಸರ ಬಂದಾಗ ಸಮುದ್ರದಡಿಯ ಗಣಿಗೆ ದುಡಿಯಲು ಹೋಗುತ್ತಾನೆ. ಆ ಗಣಿಯ ಕೆಲಸ ಇಷ್ಟವಿಲ್ಲದಿದ್ದರೂ ಮಾಡಬೇಕಾದವರು ಯಾರಾದರೂ ಇದ್ದರೋ ಎಂದು ಹುಡುಕಿದರೆ ಸಿಗುವುದಿಲ್ಲ. ಈ ವ್ಯವಸ್ಥೆಗೆ ಒಗ್ಗದವರಿಗಾಗಿ 'ಮರೆವಿನ ದ್ವೀಪ' ಒಂದಿದೆ. ಅದು ನಮ್ಮ ನೆರೆಯ ಸಿಂಹಳ! ಒಗ್ಗದವರನ್ನು ಲಂಕೆಗೆ ಕಳಿಸುವ ಉಪಾಯ ಯೆಫ್ರೆಮೊವ್ ಅವರಿಗೆ ಎಲ್ಲಿಂದ ಹೊಳೆಯಿತೋ, ಓದುವಾಗ ನಗು ತಡೆಯಲಾಗಲಿಲ್ಲ.

ಜೋನ್ ಸ್ಲೊಂಚೆವ್‌ಸ್ಕಿ ಅವರ 'ಎ ಡೋರ್ ಇನ್‌ಟು ಓಷನ್' (1986) ಕರಾವಳಿಯ ಓದುಗರು ಬಿಡಬಾರದ ಪುಸ್ತಕ. ಶೋರಾ ಎಂಬ ಚಂದ್ರ ಪೂರ್ತಿ ಸಮುದ್ರ, ನೆಲವೇ ಇಲ್ಲ. ನೀರಿನ ಮೇಲೆ ತೇಲುವ ಜೀವಂತ ತೆಪ್ಪಗಳ ಮೇಲೆ ಹೆಂಗಸರು ಮಾತ್ರ ವಾಸಿಸುತ್ತಾರೆ. ಚರ್ಮದೊಳಗೆ ಸೇರಿಕೊಂಡ ಸೂಕ್ಷ್ಮಜೀವಿಗಳು ನೀರಿನಡಿಯಲ್ಲಿ ಉಸಿರಿಗೆ ನೆರವಾಗುವುದರಿಂದ ಅವರ ಮೈಬಣ್ಣ ನೇರಳೆ. ಲೇಖಕರು ಸೂಕ್ಷ್ಮಜೀವಿ ವಿಜ್ಞಾನಿ; ಆ ತಿಳಿವಳಿಕೆ ಪುಟಪುಟದಲ್ಲಿ ಕೆಲಸ ಮಾಡಿದೆ. ಸುದ್ದಿ ಹೊತ್ತೊಯ್ಯುವುದು ಒಂದು ಜಾತಿಯ ಕೀಟ, ಔಷಧ ತಯಾರಾಗುವುದು ತೆಪ್ಪದ ಒಡಲಿನ ಸುರಂಗದಲ್ಲಿ. ವರ್ಷಕ್ಕೆ ಎರಡು ಬಾರಿ ದೈತ್ಯ ಜಲಚರಗಳು ಸಾಗಿಬಂದು ತೆಪ್ಪಗಳನ್ನೇ ನುಂಗುತ್ತವೆ. ಕೊಲ್ಲುವ ವಿದ್ಯೆ ಗೊತ್ತಿದ್ದರೂ ಈ ಹೆಂಗಸರು ಅವನ್ನು ಕೊಲ್ಲುವುದಿಲ್ಲ, ಏಕೆಂದರೆ ಅವಿಲ್ಲದಿದ್ದರೆ ಕಡಲಿನ ಉಳಿದ ಬದುಕಿನ ಕೊಂಡಿ ಕಳಚುತ್ತದೆ. ಕೊಳಕಿನ ಕೆಲಸವೆಂಬ ಬೇರೆ ವರ್ಗವೇ ಇವರಿಗಿಲ್ಲ. ಕಾಯಿಲೆಯವರ ಆರೈಕೆ, ತೆಪ್ಪದ ದುರಸ್ತಿ, ರೇಷ್ಮೆ ನೂಲುವುದು ಎಲ್ಲವೂ ಹಂಚಿಕೊಂಡು ಮಾಡುವ ಕೆಲಸ. ಇದು ನನ್ನ ಪ್ರಶ್ನೆಗೆ ಉತ್ತರವೋ, ನುಣುಚಿಕೊಳ್ಳುವಿಕೆಯೋ ಎಂದು ಓದುವಾಗ ಅನುಮಾನವಿತ್ತು. ಊರು ಸಣ್ಣದಿದ್ದರೆ ಹಂಚಿಕೆ ಸುಲಭ, ನಿಜ. ಲಕ್ಷ ಜನರ ಊರಿಗೆ ಇದು ಹೇಗೆ ಹೊಂದುತ್ತದೆಂದು ಲೇಖಕರು ಹೇಳುವುದಿಲ್ಲ.

ಪಕ್ಕದ ವ್ಯಾಲೆಡನ್ ಗ್ರಹದ ವ್ಯಾಪಾರಿಗಳು, ಅವರ ಹಿಂದೆ ಸೈನಿಕರು ಬಂದಾಗ ಈ ಹೆಂಗಸರು ಆಯುಧ ಹಿಡಿಯುವುದಿಲ್ಲ, ಓಡುವುದೂ ಇಲ್ಲ. ಮಾತು ಬಿಡುತ್ತಾರೆ, ಸೈನಿಕರ ಎದುರಿಗೆ ಬಂದು ಕೂರುತ್ತಾರೆ. ಅಹಿಂಸೆಯನ್ನು ಭಾವುಕತೆಯಿಲ್ಲದೆ, ಒಂದು ಯುದ್ಧತಂತ್ರದಂತೆ, ಹೆಜ್ಜೆಹೆಜ್ಜೆಯಾಗಿ ತೋರಿಸಿದ ವೈಜ್ಞಾನಿಕ ಕಾದಂಬರಿ ನಾನು ಬೇರೆ ಓದಿಲ್ಲ. ಸೆರೆಯಲ್ಲಿಟ್ಟರೂ ಹೆದರದ, ಆದರೆ ತಮ್ಮೊಳಗೆ ಕೆಲವರು 'ಇನ್ನು ಸಾಕು, ಕೊಂದುಬಿಡೋಣ' ಎನ್ನುವಾಗ ಬೆವರುವ ಜನ ಇವರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆಯಲ್ಲಿ, ಕರನಿರಾಕರಣೆಗಾಗಿ ಮನೆಮಠ ಜಪ್ತಿಯಾಗಲು ಬಿಟ್ಟ ರೈತರ ಕಥೆಗಳನ್ನು ಹಿರಿಯರಿಂದ ಕೇಳಿ ಬೆಳೆದವರಿಗೆ ಈ ಸಭೆಗಳ ವಾದವಿವಾದ ಬೇರೆ ಲೋಕದ್ದೆನಿಸುವುದಿಲ್ಲ. ಬೂಷ್ಟು ಹಿಡಿದ ಎರಡರಲ್ಲಿ ಇದೊಂದು ಎಂಬುದು ಬೇಸರದ ಸಂಗತಿ.

ಇಯಾನ್ ಎಂ. ಬ್ಯಾಂಕ್ಸ್ ಅವರ 'ದಿ ಪ್ಲೇಯರ್ ಆಫ್ ಗೇಮ್ಸ್' (1988) ಓಡಿಸಿಕೊಂಡು ಹೋಗುವ ಪುಸ್ತಕ. ಇಲ್ಲಿನ 'ಕಲ್ಚರ್' ಎಂಬ ಮಹಾಸಮಾಜದಲ್ಲಿ ಹಣವಿಲ್ಲ, ಕಾಯಿಲೆಯಿಲ್ಲ. ಜನ ಹೆಚ್ಚಾಗಿ ವಾಸಿಸುವುದು ಗ್ರಹಗಳ ಮೇಲೂ ಅಲ್ಲ, ನಕ್ಷತ್ರದ ಸುತ್ತ ತಿರುಗುವ ಕೃತಕ ಬಳೆಗಳ ಮೇಲೆ. ಆಟಗಾರ ಗುರ್ಗೆಯನ್ನು ಆಜಾದ್ ಎಂಬ ಕ್ರೂರ ಸಾಮ್ರಾಜ್ಯಕ್ಕೆ ಕಳಿಸಲಾಗುತ್ತದೆ. ಅಲ್ಲಿ ಯಾರು ಚಕ್ರವರ್ತಿಯಾಗಬೇಕೆಂಬುದನ್ನು ಒಂದು ಮಣೆಯಾಟ ನಿರ್ಧರಿಸುತ್ತದೆ. ಕಷ್ಟದ ಕೆಲಸವನ್ನೆಲ್ಲ ಯಂತ್ರಗಳು ಮಾಡುತ್ತವೆ, ಯಂತ್ರಗಳನ್ನು ಮನುಷ್ಯರಿಗಿಂತ ಬುದ್ಧಿವಂತ ಯಂತ್ರಗಳು ನೋಡಿಕೊಳ್ಳುತ್ತವೆ. ಕೊನೆಗೌಡರು ಸಿಗದೆ ಫೈಬರ್ ದೋಟಿ ಕೊಂಡು ನೆಲದಲ್ಲಿ ನಿಂತೇ ಮದ್ದು ಹೊಡೆಯುತ್ತಿರುವ ನಮ್ಮವರಿಗೆ ಇದು ಒಪ್ಪಿಗೆಯಾಗುವ ಉತ್ತರವೇ. ಆದರೆ ದೋಟಿ ಹಿಡಿಯಲೂ ಒಬ್ಬರು ಬೇಕು. ಬ್ಯಾಂಕ್ಸ್ ಆ ಒಬ್ಬರನ್ನೂ ತೆಗೆದುಹಾಕಿ, ಉಳಿದ ಮನುಷ್ಯರು ಹೊತ್ತು ಹೇಗೆ ಕಳೆಯುತ್ತಾರೆಂಬ ಕಡೆಗೆ ಗಮನ ತಿರುಗಿಸುತ್ತಾರೆ. ಆಟವಾಡಿ ಆಡಿ ಬೇಸತ್ತ ಗುರ್ಗೆ ಮೋಸದ ಆಸೆಗೆ ಬೀಳುವ ಆರಂಭದ ಭಾಗ ಆ ದೃಷ್ಟಿಯಿಂದ ಬಹಳ ಚೆನ್ನಾಗಿದೆ.

ಕಟ್ಟಿನ ಬಗ್ಗೆ ನನ್ನ ದೊಡ್ಡ ಆಕ್ಷೇಪ ಆರನೆಯ ಪುಸ್ತಕದ್ದು. ಕಿಮ್ ಸ್ಟ್ಯಾನ್ಲಿ ರಾಬಿನ್‌ಸನ್ ಅವರ ಮಂಗಳದ ಕಥೆ ಮೂರು ಸಂಪುಟಗಳದ್ದು: 'ರೆಡ್ ಮಾರ್ಸ್' (1992), 'ಗ್ರೀನ್ ಮಾರ್ಸ್' (1993), 'ಬ್ಲೂ ಮಾರ್ಸ್' (1996). ಕಟ್ಟಿನಲ್ಲಿ ಇರುವುದು ಮೊದಲನೆಯದು ಮಾತ್ರ. ಮೊದಲ ನೂರು ಜನ ಮಂಗಳಕ್ಕೆ ಹೋಗುತ್ತಾರೆ, ಭೂಮಿಯ ಕಂಪನಿಗಳು ಹಿಂದೆಯೇ ಬರುತ್ತವೆ, ದಂಗೆ ಏಳುತ್ತದೆ. ದಂಗೆಯ ಧೂಳು ಅಡಗುವ ಮೊದಲೇ ಸಂಪುಟ ಮುಗಿಯುತ್ತದೆ. ಆದರ್ಶ ಸಮಾಜವನ್ನು ನಿಜಕ್ಕೂ ಕಟ್ಟುವ ಕೆಲಸ, ಅಂದರೆ ಬಂಡುಕೋರ ಪಂಗಡಗಳೆಲ್ಲ ಕುಳಿತು ಒಪ್ಪಂದಕ್ಕೆ ಬರುವುದು, ಆಮೇಲೆ ಸಂವಿಧಾನ ಬರೆಯುವುದು, ಉದ್ಯಮಗಳನ್ನು ದುಡಿಯುವವರದೇ ಸಹಕಾರಿ ಸಂಘಗಳನ್ನಾಗಿ ಮಾಡುವುದು, ಇವೆಲ್ಲ ಮುಂದಿನ ಎರಡು ಸಂಪುಟಗಳಲ್ಲಿವೆ. ಸ್ಪೇನಿನ ಮೊಂಡ್ರಾಗನ್ ಸಹಕಾರಿಗಳನ್ನು ರಾಬಿನ್‌ಸನ್ ಮಾದರಿಯಾಗಿ ತೆಗೆದುಕೊಳ್ಳುತ್ತಾರೆ. 1923ರಿಂದ ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ ನಡೆಸಿಕೊಂಡು ಬಂದಿರುವ ಶಿರಸಿಯ ಓದುಗರಿಗೆ, ಸರ್ವಸಾಧಾರಣ ಸಭೆಯಲ್ಲಿ ಲೆಕ್ಕಪತ್ರದ ಮೇಲೆ ನಡೆಯುವ ಚರ್ಚೆಯ ರುಚಿ ಗೊತ್ತಿರುವವರಿಗೆ, ಮಂಗಳದ ಸಂವಿಧಾನ ಸಭೆಯ ಅಧ್ಯಾಯಗಳೇ ಹೆಚ್ಚು ಹಿಡಿಸುತ್ತಿದ್ದವು. ಫೋನಿನಲ್ಲಿ ಇದನ್ನು ಹೇಳಿದಾಗ ಬಂದ ಉತ್ತರ: "ಮೂರೂ ಹಾಕಿದ್ರೆ ಕಟ್ಟು ಭಾರ ಆಗ್ತು, ಹಂಗಾಗಿ ಒಂದೇ ಹಾಕಿದ್ದಿ." ಭಾರ ಹೌದು, ಒಂದೊಂದೂ ಇಟ್ಟಿಗೆಯಷ್ಟಿದೆ. ಹಾಗಿದ್ದರೆ 'ಆಂಡ್ರೊಮೆಡಾ' ತೆಗೆದು 'ಬ್ಲೂ ಮಾರ್ಸ್' ಹಾಕಬಹುದಿತ್ತು.

ಮೊದಲ ಸಂಪುಟದಲ್ಲಿಯೂ ಓದಿಸಿಕೊಳ್ಳುವುದು ಆನ್ ಮತ್ತು ಸ್ಯಾಕ್ಸ್ ಎಂಬ ಇಬ್ಬರು ವಿಜ್ಞಾನಿಗಳ ಜಗಳ. ಮಂಗಳಕ್ಕೆ ಗಾಳಿ, ನೀರು, ಹಸಿರು ತಂದು ಬದುಕಲು ತಕ್ಕ ಗ್ರಹ ಮಾಡಬೇಕೆಂಬುದು ಸ್ಯಾಕ್ಸ್ ಪಕ್ಷ. ಅದನ್ನು ಇರುವಂತೆಯೇ, ಕಲ್ಲು ಕಲ್ಲಾಗಿಯೇ ಬಿಡಬೇಕೆಂಬುದು ಆನ್ ಪಕ್ಷ. 1983ರಲ್ಲಿ ಸಾಲ್ಕಣಿಯ ಕಾಡಿನಲ್ಲಿ ಮರ ಅಪ್ಪಿಕೊಂಡವರ ವಾದಕ್ಕೆ ಮಣ್ಣು, ನೀರು, ತೋಟಕ್ಕೆ ಬೇಕಾದ ಸೊಪ್ಪು ಎಂಬ ಆಧಾರಗಳಿದ್ದವು. ಆನ್ ಬಳಿ ಅಂಥ ಯಾವ ಆಧಾರವೂ ಇಲ್ಲ. ಯಾರಿಗೂ ಉಪಯೋಗವಿಲ್ಲದ, ಜೀವವಿಲ್ಲದ ಕಲ್ಲಿನ ಪರವಾಗಿ ಆಕೆ ನಿಂತಿದ್ದಾಳೆ. ಖಾಲಿ ಗ್ರಹವೂ ಖಾಲಿ ಜಾಗವಲ್ಲ ಎಂಬಷ್ಟು ದೂರ ವಾದವನ್ನು ಒಯ್ದ ಲೇಖಕ ಈ ಕಟ್ಟಿನಲ್ಲಿ ರಾಬಿನ್‌ಸನ್ ಒಬ್ಬರೇ. ಅವರು ಆನ್‌ಳನ್ನು ಹುಚ್ಚಿಯಾಗಿಸದೆ, ಸ್ಯಾಕ್ಸ್‌ನನ್ನು ಖಳನಾಗಿಸದೆ ಇಬ್ಬರಿಗೂ ಸಮನಾಗಿ ಮಾತು ಕೊಟ್ಟಿದ್ದಾರೆ.

ಕನ್ನಡ ಟಿಪ್ಪಣಿಗಳು ಈ ಸೇವೆಯ ವಿಶೇಷವೆಂದು ಮೊದಲೇ ಹೇಳಬೇಕಿತ್ತು. ಭಾಷೆ ತಿಳಿಯಾಗಿದೆ, ಹೆಸರುಗಳ ಉಚ್ಚಾರಣೆ ಕೊಟ್ಟಿದ್ದಾರೆ, ಕಷ್ಟದ ಅಧ್ಯಾಯಗಳಿಗೆ ಹತ್ತು ಸಾಲಿನ ಸಾರಾಂಶವಿದೆ. ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸ ಕಡಿಮೆ ಇರುವವರೂ ಇವುಗಳ ಬೆಂಬಲದಿಂದ ಲೆ ಗ್ವಿನ್ ಅವರನ್ನು ದಾಟಬಹುದು. ದೋಷವೆಂದರೆ, ಟಿಪ್ಪಣಿ ಬರೆದವರಿಗೆ ಗುಟ್ಟು ಉಳಿಸಿಕೊಳ್ಳಲು ಬರುವುದಿಲ್ಲ. ಸ್ಟೆರ್ನಿಯ ಭಾಷಣದ ವಿಷಯ ತಿಳಿದ ಮೇಲೆ ಲಿಯೊನಿದ್ ಏನು ಮಾಡುತ್ತಾನೆಂಬುದನ್ನು ಎರಡನೆಯ ವಾಕ್ಯದಲ್ಲಿಯೇ ಹೇಳಿಬಿಟ್ಟಿದ್ದಾರೆ. ಟಿಪ್ಪಣಿಯನ್ನು ಪುಸ್ತಕದ ಮೊದಲಿಗಲ್ಲ, ಕೊನೆಯ ರಟ್ಟಿಗೆ ಸಿಕ್ಕಿಸುವುದು ಲೇಸು.

ಇನ್ನೊಂದು ಕೊರತೆ ಆಯ್ಕೆಯದು. ಕಟ್ಟಿನಲ್ಲಿ ಕನ್ನಡದ್ದಿರಲಿ, ಭಾರತದ್ದೇ ಒಂದು ಕೃತಿ ಇಲ್ಲ. ರುಕೈಯಾ ಸಖಾವತ್ ಹುಸೇನ್ ಅವರ 'ಸುಲ್ತಾನಾಸ್ ಡ್ರೀಮ್' 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಇಂಗ್ಲಿಷಿನಲ್ಲಿಯೇ ಅಚ್ಚಾದ ಸಣ್ಣ ಕಥೆ. ಗಂಡಸರು ಒಳಮನೆಯಲ್ಲಿ, ಹೆಂಗಸರು ರಾಜ್ಯಭಾರದಲ್ಲಿ, ಅಡಿಗೆ ಸೂರ್ಯನ ಶಾಖದಲ್ಲಿ. ಅದು ಕನಸಿನ ನಾಡು, ಬೇರೆ ಗ್ರಹವಲ್ಲ ಎಂಬ ಆಕ್ಷೇಪ ಬರಬಹುದು. ಯೆಫ್ರೆಮೊವ್ ಅವರಿಗೆ ಸಿಕ್ಕ ವಿನಾಯಿತಿ ರುಕೈಯಾ ಅವರಿಗೂ ಸಿಗಬೇಕು. ಅಂಚಿನಲ್ಲಿ ಅಡಿಗೆಯ ಪ್ರಶ್ನೆ ಬರೆದವರಿಗೆ ಆ ಕಥೆಯಲ್ಲಿ ನೇರವಾದ ಉತ್ತರವೂ ಇತ್ತು. ನಾಲ್ಕು ಹಾಳೆಯಲ್ಲಿ ಮುಗಿಯುವ ಅದನ್ನು ಸೇರಿಸಿದರೆ ಪಾರ್ಸೆಲ್ಲಿನ ಭಾರವೇನೂ ಏರುವುದಿಲ್ಲ.

ತರಿಸಿಕೊಳ್ಳುವವರಿಗೆ ಕೆಲವು ಸೂಚನೆಗಳು. 45 ದಿನದಲ್ಲಿ ಆರನ್ನೂ ಮುಗಿಸುವುದು ತೋಟದ ಕೆಲಸವಿರುವವರಿಗೆ ಆಗದ ಮಾತು. ಮೊದಲೇ ಹೇಳಿದರೆ ಹದಿನೈದು ದಿನ ಹೆಚ್ಚು ಕೊಡುತ್ತಾರೆ, ಅದಕ್ಕೆ ಹೆಚ್ಚಿನ ಬಾಡಿಗೆ ಕೇಳುವುದಿಲ್ಲ. 'ದಿ ಪ್ಲೇಯರ್ ಆಫ್ ಗೇಮ್ಸ್'ನಿಂದ ಆರಂಭಿಸಿ, 'ರೆಡ್ ಸ್ಟಾರ್' ಮುಗಿಸಿಕೊಂಡು, ಆಮೇಲೆ ಕಡಲಿನ ಪುಸ್ತಕವನ್ನೂ ಅನಾರೆಸ್ಸನ್ನೂ ಕೈಗೆತ್ತಿಕೊಂಡರೆ ಓದು ಹಗುರಾಗಿ ಸಾಗುತ್ತದೆ. ಕಟ್ಟು ಬಸ್ ನಿಲ್ದಾಣದ ಪಾರ್ಸೆಲ್ ಕೌಂಟರಿನಲ್ಲಿ ಇಳಿಯುತ್ತದೆ, ಮನೆಬಾಗಿಲಿಗೆ ಬರುವುದಿಲ್ಲ. ಹೋಗುವಾಗ ಗುರುತಿನ ಚೀಟಿ ಒಯ್ಯಬೇಕು. 'ಗ್ರೀನ್ ಮಾರ್ಸ್' ಮತ್ತು 'ಬ್ಲೂ ಮಾರ್ಸ್' ಅವರ ಮಾಳಿಗೆಯಲ್ಲಿಯೇ ಇವೆ, ಬಾಯಿಬಿಟ್ಟು ಕೇಳಿದವರಿಗೆ 60 ರೂಪಾಯಿ ಹೆಚ್ಚಿಗೆ ಪಡೆದು ಕಳಿಸುತ್ತಾರೆ.